ಹತ್ತಿರ ಸರಿ, ನಡುವೆ ಮೇಲೆ, ದೂರಕ್ಕೆ ಕೆಳಗೆ: ಏರ್‌ರೈಫಲ್ ಸ್ಕೋಪಿನ ಲೆಕ್ಕ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಕಳೆದ ವರ್ಷ 4.5 ಎಂಎಂ ಏರ್‌ರೈಫಲ್ ತಗೊಂಡೆ. ನಳಿಗೆ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ರೈಫಲ್. ಮೇಲೆ 3-9×40 ಸ್ಕೋಪ್ (3ರಿಂದ 9 ಪಟ್ಟು ಜೂಮ್, 40 ಎಂಎಂ ಗಾಜಿನ ಗುರಿ ದುರ್ಬೀನು) ಹಾಕಿಸಿದ್ದೇನೆ. ಹಾಳೆಗೆ, ಡಬ್ಬಕ್ಕೆ ಗುರಿ ಹೊಡೆಯುವುದಷ್ಟೇ ನನ್ನ ಹವ್ಯಾಸ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ 10 ಮೀಟರಿಗೆ ಸ್ಕೋಪ್ ಸೆಟ್ ಮಾಡಿದೆ. ಅಲ್ಲಿ ಸರಿಯಾಗಿ ಬೀಳುತ್ತದೆ. ಅಂಗಳದಲ್ಲಿ 25 ಮೀಟರಿಗೆ ಹೊಡೆದರೆ ಎರಡು ಮೂರು ಸೆಂಟಿಮೀಟರ್ ಮೇಲೆ. ಹಿತ್ತಲಿನ ಧರೆಗೆ (ಕಡಿದು ನಿಲ್ಲಿಸಿದ ಮಣ್ಣಿನ ದಿಬ್ಬ) ಹಾಳೆ ಇಟ್ಟು 50 ಮೀಟರಿಂದ ಹೊಡೆದರೆ ನಾಲ್ಕು ಬೆರಳು ಕೆಳಗೆ. ಇದರ ಜೊತೆ ಕೆಲವು ದಿನ ಮೊದಲ ಎರಡು ಮೂರು ಈಡು ಎಲ್ಲೋ ಹೋಗುತ್ತವೆ. ಗುಂಡು ನಳಿಗೆ ಬಿಟ್ಟ ಮೇಲೆ ಮೊದಲು ಏರಿ ಆಮೇಲೆ ಇಳಿಯುತ್ತದೆ ಅಂತ ಗೆಳೆಯ ಹೇಳುತ್ತಾನೆ. ಸ್ಕೋಪ್ ಕೆಟ್ಟಿದೆ, ಬೇರೆ ತಗೊಳ್ಳಿ ಅಂತ ಅಂಗಡಿಯವರು. ಇಲ್ಲಿನ ತೇವಕ್ಕೆ ಗುಂಡು ಬೇಗ ಇಳಿಯುತ್ತದೆ ಅಂತ ಚಿಕ್ಕಪ್ಪ. ನಾಲ್ಕು ಕ್ಲಿಕ್ಕಿಗೆ ಒಂದು ಇಂಚು ಅಂತ ಸ್ಕೋಪಿನ ಚೀಟಿಯಲ್ಲಿದೆ, ತಿರುಗಿಸಿದರೆ ಏನೂ ಆದಂತೆ ಕಾಣಲ್ಲ. ಧರೆ ಮೇಲಿಂದ ಕೆಳಗೆ ಹೊಡೆಯುವಾಗ ಲೆಕ್ಕ ಬೇರೆಯಾ? ಮುಂದೆ .22 (ಮದ್ದಿನ ತೋಟಾ ಹಾಕುವ ಸಣ್ಣ ರೈಫಲ್) ಕಲಿಯುವ ಆಸೆ ಇದೆ. ಅಲ್ಲಿಗೂ ಇದೇ ಲೆಕ್ಕ ಸಾಕಾಗುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯ ಒಟ್ಟಿಗೆ ಬಂದಿವೆ. 10 ಮೀಟರಿಗೆ ಸರಿ, 25ಕ್ಕೆ ಮೇಲೆ, 50ಕ್ಕೆ ಕೆಳಗೆ ಅನ್ನುವುದು ದೋಷವೇ ಅಲ್ಲ. ಚೆನ್ನಾಗಿರುವ ರೈಫಲ್ಲಿಗೆ ಚೆನ್ನಾಗಿರುವ ಸ್ಕೋಪ್ ಹಾಕಿ 10 ಮೀಟರಿಗೆ ಸೆಟ್ ಮಾಡಿದರೆ ಹೀಗೇ ಆಗಬೇಕು. ಮೊದಲ ಎರಡು ಮೂರು ಈಡು ಎಲ್ಲೋ ಹೋಗುವುದು ಮಾತ್ರ ದೋಷ. ಅದಕ್ಕೆ ಸ್ಕೋಪಿಗಿಂತ ನಿಮ್ಮ ಮನೆಯ ಎಣ್ಣೆ ಡಬ್ಬಿಯ ಮೇಲೆ ನನಗೆ ಅನುಮಾನ. ಹಾಗಾಗಿ ಹೊಸ ಸ್ಕೋಪಿಗೆ ಈಗಲೇ ದುಡ್ಡು ಹಾಕಬೇಡಿ.

ಮೊದಲು ಗೆಳೆಯರ ಮಾತು. ಗುಂಡು ನಳಿಗೆಯ ನೇರಕ್ಕಿಂತ ಮೇಲೆ ಯಾವತ್ತೂ ಏರುವುದಿಲ್ಲ. ನಳಿಗೆ ಬಿಟ್ಟ ಕ್ಷಣದಿಂದಲೇ ಬೀಳಲು ಶುರು. ಮತ್ತೆ 25 ಮೀಟರಿಗೆ ಮೇಲೆ ಬೀಳುವುದು ಯಾಕೆ? ಯಾಕೆಂದರೆ ನಿಮ್ಮ ಕಣ್ಣಿನ ಗೆರೆ ಮತ್ತು ನಳಿಗೆಯ ಗೆರೆ ಒಂದೇ ಅಲ್ಲ. ಸ್ಕೋಪ್ ನಳಿಗೆಯ ಮೇಲೆ ಕೂತಿರುತ್ತದೆ. ಸ್ಕೋಪಿನ ನಡುಭಾಗದಿಂದ ನಳಿಗೆಯ ನಡುಭಾಗಕ್ಕೆ ಸಾಮಾನ್ಯವಾಗಿ ನಾಲ್ಕೈದು ಸೆಂಟಿಮೀಟರ್ ಅಂತರ. ಎರಡೂ ಗೆರೆ ಒಂದು ಕಡೆ ಸೇರಬೇಕಾದರೆ ನಳಿಗೆ ಸ್ವಲ್ಪ ಮೇಲ್ಮುಖವಾಗಿ ಇರಲೇಬೇಕು. ತೋಟದಲ್ಲಿ ಪೈಪ್ ಹಿಡಿದು ದೂರದ ಗಿಡಕ್ಕೆ ನೀರು ಹಾರಿಸುವಾಗ ಪೈಪಿನ ಬಾಯಿ ಮೇಲೆತ್ತುತ್ತೀರಿ ಅಲ್ವಾ, ಹಾಗೆ. ಗುಂಡು ಕೆಳಗಿನಿಂದ ಬಂದು ಕಣ್ಣಿನ ಗೆರೆಯನ್ನು ಒಮ್ಮೆ ದಾಟುತ್ತದೆ, ಸ್ವಲ್ಪ ದೂರ ಅದರ ಮೇಲೆ ಹೋಗುತ್ತದೆ, ಇಳಿಯುತ್ತಾ ಇನ್ನೊಮ್ಮೆ ದಾಟುತ್ತದೆ. ಒಂದು ಸೆಟ್ಟಿಂಗಿಗೆ ಹೀಗೆ ಎರಡು ಕಡೆ ಗುರಿ ಸರಿ ಬರುತ್ತದೆ. ನೀವು ಹಿಡಿದಿರುವುದು ಹತ್ತಿರದ ದಾಟು.

ಅಂಕಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಪೆಲೆಟ್ಟಿನ, ಅಂದರೆ ಏರ್‌ರೈಫಲ್ಲಿನ ಗುಂಡಿನ, ತೂಕ ಸುಮಾರು 0.55 ಗ್ರಾಂ, ವೇಗ ಸೆಕೆಂಡಿಗೆ 240 ಮೀಟರ್, ಸ್ಕೋಪಿನ ಎತ್ತರ 4.5 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಈ ಜಾತಿಯ ರೈಫಲ್ಲಿಗೆ ಇದು ಸಾಮಾನ್ಯ ಲೆಕ್ಕ. ನಳಿಗೆಯ ನೇರದಿಂದ ಗುಂಡು 10 ಮೀಟರಿನಲ್ಲಿ ಬೀಳುವುದು ಒಂದು ಸೆಂಟಿಮೀಟರಿಗಿಂತ ಕಡಿಮೆ. 30 ಮೀಟರಿನಲ್ಲಿ 9, 40ರಲ್ಲಿ 17, 50ರಲ್ಲಿ 29 ಸೆಂಟಿಮೀಟರ್ ಆಸುಪಾಸು. ದೂರ ಒಂದೇ ಸಮ ಹೆಚ್ಚಿದರೂ ಬೀಳುವುದು ಅದಕ್ಕಿಂತ ಜೋರಾಗಿ ಹೆಚ್ಚುತ್ತದೆ. ಹಾರುವ ಹೊತ್ತು ಜಾಸ್ತಿಯಾದಂತೆ ಭೂಮಿಯ ಸೆಳೆತಕ್ಕೆ ಸಿಗುವ ಸಮಯವೂ ಜಾಸ್ತಿ, ಜೊತೆಗೆ ಗಾಳಿಯ ತಡೆಗೆ ಪೆಲೆಟ್ಟಿನ ವೇಗ ಕುಗ್ಗುತ್ತಾ ಹೋಗುತ್ತದೆ. 10 ಮೀಟರಿಗೆ ಸೆಟ್ ಮಾಡಿದರೆ 25ರಲ್ಲಿ ಸುಮಾರು 2.8 ಸೆಂಟಿಮೀಟರ್ ಮೇಲೆ, 40ರ ಹತ್ತಿರ ಮತ್ತೆ ಸರಿ, 50ರಲ್ಲಿ ಸುಮಾರು 6.5 ಕೆಳಗೆ ಬರಬೇಕು. ನಿಮ್ಮ ನಾಲ್ಕು ಬೆರಳು ಅದೇ ಆಯಿತು.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಸ್ಕೋಪ್ ಮುಟ್ಟದೆ 40 ಮೀಟರಿಗೆ ಐದು ಈಡು ಹೊಡೆಯಿರಿ. ನಡುವಿಗೆ ಹತ್ತಿರ ಬಿದ್ದರೆ ಸ್ಕೋಪ್ ತನ್ನ ಕೆಲಸ ಮಾಡುತ್ತಿದೆ.

ಇನ್ನು ಕ್ಲಿಕ್ಕು. ನಾಲ್ಕು ಕ್ಲಿಕ್ಕಿಗೆ ಒಂದು ಇಂಚು ಅನ್ನುವುದು ನೂರು ಗಜದ ಮಾತು, ಅಂದರೆ 91 ಮೀಟರ್. ಕ್ಲಿಕ್ಕು ತಿರುಗಿಸುವುದು ಕೋನವನ್ನು. ದೂರ ಅರ್ಧವಾದರೆ ಹಾಳೆಯ ಮೇಲಿನ ಬದಲಾವಣೆಯೂ ಅರ್ಧ. ಒಂದು ಕ್ಲಿಕ್ಕಿಗೆ 50 ಮೀಟರಿನಲ್ಲಿ 3.6 ಮಿಲಿಮೀಟರ್, 25ರಲ್ಲಿ 1.8, ನಿಮ್ಮ ಶೆಡ್ಡಿನ 10 ಮೀಟರಿನಲ್ಲಿ ಬರೀ 0.7 ಮಿಲಿಮೀಟರ್. ಶೆಡ್ಡಿನಲ್ಲಿ ನಾಲ್ಕು ಕ್ಲಿಕ್ ತಿರುಗಿಸಿದರೆ ಗುಂಡು ಮೂರು ಮಿಲಿಮೀಟರ್ ಸರಿಯುತ್ತದೆ. ಪೆಲೆಟ್ಟಿನ ತೂತೇ ಅದಕ್ಕಿಂತ ದೊಡ್ಡದು, ಹೇಗೆ ಕಾಣಬೇಕು? ಇನ್ನೊಂದು ಮಾತು. ಟರೆಟ್ (ಕ್ಲಿಕ್ ತಿರುಗಿಸುವ ಗುಂಡಿ) ಮೇಲಿನ ಬಾಣದ ಗುರುತು ಗುಂಡು ಎತ್ತ ಸರಿಯಬೇಕು ಅನ್ನುವುದನ್ನು ಹೇಳುತ್ತದೆ. ಕೆಳಗೆ ಬೀಳುತ್ತಿದ್ದರೆ ಮೇಲಿನ ಬಾಣದ ಕಡೆಗೆ ತಿರುಗಿಸಿ, ಅಷ್ಟೆ. ಉಲ್ಟಾ ತಿರುಗಿಸಬೇಕು ಅಂತ ಹೇಳಿಕೊಡುವವರು ಸಿಗುತ್ತಾರೆ, ಕೇಳಬೇಡಿ.

10 ಮೀಟರಿಗೆ ಸೆಟ್ ಮಾಡುವುದನ್ನು ನಾನು ಬೇಡ ಅನ್ನುವುದಕ್ಕೆ ಬೇರೆ ಕಾರಣವೂ ಇದೆ. ಮುಂದಿನ ಗಾಜಿನ ಹತ್ತಿರ ದೂರ ಹೊಂದಿಸುವ ಬಳೆ ಇಲ್ಲದ ಸಾಮಾನ್ಯ ಸ್ಕೋಪುಗಳನ್ನು ಬಹುಪಾಲು ನೂರು ಗಜಕ್ಕೆ ಹೊಂದಿಸಿ ಕಳಿಸಿರುತ್ತಾರೆ. ಹತ್ತಿರದ ಗುರಿ ನೋಡುವಾಗ ಕಣ್ಣು ಸ್ವಲ್ಪ ಆಚೀಚೆ ಆದರೂ ಕ್ರಾಸ್‌ಹೇರ್, ಅಂದರೆ ಸ್ಕೋಪಿನೊಳಗೆ ಕಾಣುವ ಕೂಡುಗೆರೆ, ಗುರಿಯ ಮೇಲೆ ಓಡಾಡುತ್ತದೆ. 40 ಎಂಎಂ ಗಾಜಿನ ಸ್ಕೋಪಿನಲ್ಲಿ 10 ಮೀಟರಿಗೆ ಈ ತಪ್ಪು ಜಾಸ್ತಿ ಅಂದರೆ 18 ಮಿಲಿಮೀಟರ್ ತನಕ ಹೋಗಬಹುದು. ಆ ಹುಸಿ ಲೆಕ್ಕದ ಮೇಲೆ ನೀವು 50 ಮೀಟರಿನ ಗುರಿ ಕಟ್ಟುತ್ತಿದ್ದೀರಿ. ದಿನವೂ ಕೆನ್ನೆ ಒಂದೇ ಜಾಗಕ್ಕೆ ಒರಗಿಸುವ ಅಭ್ಯಾಸ ಇದಕ್ಕೆ ಪರಿಹಾರ. ದೂರ ಹೊಂದಿಸುವ ಬಳೆ ಇರುವ ಸ್ಕೋಪ್ ಇನ್ನೂ ಒಳ್ಳೆಯದು.

ಈಗ ಏನು ಮಾಡಬಹುದು?

ನಿಮ್ಮ ಜಾಗದಲ್ಲಿ ನಾನಿದ್ದರೆ ಸ್ಕೋಪನ್ನು 30 ಮೀಟರಿಗೆ ಸೆಟ್ ಮಾಡುತ್ತೇನೆ. ಅದೇ ಲೆಕ್ಕದ ರೈಫಲ್ಲಿನಲ್ಲಿ ಸುಮಾರು 13 ಮೀಟರಿಂದ 30ರ ತನಕ ಗುಂಡು ನಡುವಿನಿಂದ ಒಂದು ಸೆಂಟಿಮೀಟರಿನೊಳಗೇ ಇರುತ್ತದೆ. ಅಂದರೆ ಅಷ್ಟು ದೂರಕ್ಕೂ ನೇರ ನಡುವಿಗೇ ಹಿಡಿದರೆ ಸಾಕು. 40ರಲ್ಲಿ ಸುಮಾರು 3.5, 50ರಲ್ಲಿ 10.5 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ನೀವು ಈಗ 30ರಲ್ಲಿ ಎರಡೂವರೆ ಸೆಂಟಿಮೀಟರ್ ಮೇಲೆ ಇರುವುದರಿಂದ ಹತ್ತು ಹನ್ನೆರಡು ಕ್ಲಿಕ್ ಕೆಳಕ್ಕೆ ತಿರುಗಿಸಬೇಕಾಗುತ್ತದೆ. 50ರಲ್ಲಿ ಇನ್ನೂ ಕೆಳಗೆ ಹೋಗುತ್ತದಲ್ಲ ಅಂತ ಗಾಬರಿ ಬೇಡ. ಅದನ್ನು ಸರಿದೂಗಿಸಲು ಎರಡು ದಾರಿ ಇವೆ.

ಒಂದು, ಟರೆಟ್ ತಿರುಗಿಸುವುದು. 40 ಮೀಟರಿಗೆ ಸುಮಾರು 12 ಕ್ಲಿಕ್ ಮೇಲಕ್ಕೆ, 50ಕ್ಕೆ ಸುಮಾರು 29. ನಡುವಿಗೇ ಹಿಡಿದು ಹೊಡೆಯಬಹುದು, ಮನಸ್ಸಿಗೆ ಗೊಂದಲ ಇಲ್ಲ. ಆದರೆ ಇದು ಒಳ್ಳೆಯ ಸ್ಕೋಪಿನ ಕೆಲಸ. ಅಗ್ಗದ ಸ್ಕೋಪಿನಲ್ಲಿ 29 ಕ್ಲಿಕ್ ಹೋಗಿ 29 ಕ್ಲಿಕ್ ವಾಪಸ್ ಬಂದರೆ ಗುಂಡು ಹಳೇ ಜಾಗಕ್ಕೇ ಬರುತ್ತದೆ ಅನ್ನುವ ಭರವಸೆ ಇಲ್ಲ. ವಾಪಸ್ ತಿರುಗಿಸಲು ಮರೆಯುವುದಂತೂ ಎಲ್ಲರಿಗೂ ಆಗುವಂಥದ್ದು. ಇನ್ನೊಂದು, ಟರೆಟ್ ಮುಟ್ಟದೆ ಮೇಲೆ ಹಿಡಿದು ಹೊಡೆಯುವುದು. ನಿಮ್ಮ ಸ್ಕೋಪಿನಲ್ಲಿ ಮಿಲ್‌ಡಾಟ್ ಚುಕ್ಕಿಗಳಿದ್ದರೆ (ಕ್ರಾಸ್‌ಹೇರ್ ಗೆರೆಯ ಮೇಲೆ ಸಮ ಅಂತರದಲ್ಲಿರುವ ಚುಕ್ಕಿಗಳು) ಒಂದು ಚುಕ್ಕಿಯಿಂದ ಇನ್ನೊಂದಕ್ಕೆ 50 ಮೀಟರಿನಲ್ಲಿ 5 ಸೆಂಟಿಮೀಟರ್, 40ರಲ್ಲಿ 4. ಹಾಗಾಗಿ 40ಕ್ಕೆ ಕೆಳಗಿನ ಮೊದಲ ಚುಕ್ಕಿಗೆ ಒಂಚೂರು ಮೊದಲೇ, 50ಕ್ಕೆ ಎರಡನೇ ಚುಕ್ಕಿ ದಾಟಿ ಸ್ವಲ್ಪ ಕೆಳಗೆ ಗುರಿ ಕೂರಿಸಿಕೊಳ್ಳಬೇಕು. ಇಲ್ಲಿ ಒಂದು ಅಪಾಯ ಇದೆ. 3-9 ಸ್ಕೋಪುಗಳಲ್ಲಿ ಚುಕ್ಕಿಗಳ ಈ ಅಳತೆ ಸಾಮಾನ್ಯವಾಗಿ 9ರಲ್ಲಿ ಇಟ್ಟಾಗ ಮಾತ್ರ ನಿಜ. ಜೂಮ್ ಅರ್ಧಕ್ಕೆ ಇಳಿಸಿದರೆ ಚುಕ್ಕಿಗಳ ನಡುವಿನ ಅಂತರ ಹಾಳೆಯ ಮೇಲೆ ಎರಡು ಪಟ್ಟಾಗುತ್ತದೆ. ಹಾಗಾಗಿ ಜೂಮ್ ಒಂದು ಕಡೆ ಇಟ್ಟು ಅಲ್ಲೇ ಬಿಡಿ. ಸ್ಪ್ರಿಂಗ್ ರೈಫಲ್, ಸಾಮಾನ್ಯ ಸ್ಕೋಪ್ ಇರುವವರಿಗೆ ನಾನು ಹೇಳುವುದು ಈ ಎರಡನೇ ದಾರಿಯನ್ನೇ.

ನಾನು ಕೊಟ್ಟ ಅಂಕಿಗಳನ್ನು ಬರೆದು ಸ್ಟಾಕಿಗೆ (ಭುಜಕ್ಕೆ ಒರಗಿಸುವ ಹಿಡಿ) ಅಂಟಿಸಿಕೊಳ್ಳಬೇಡಿ. ಅವು ದಾರಿ ತೋರಿಸಲು ಮಾತ್ರ. ನಿಮ್ಮ ರೈಫಲ್ಲಿನ ವೇಗ, ನಿಮ್ಮ ಪೆಲೆಟ್, ನಿಮ್ಮ ಸ್ಕೋಪಿನ ಎತ್ತರ ಬೇರೆ ಇರುತ್ತವೆ. ಫೋನಿನ ಆ್ಯಪ್ ಕೊಡುವ ಪಟ್ಟಿಗೂ ಇದೇ ಮಾತು. 10, 15, 20 ಹೀಗೆ 5 ಮೀಟರಿಗೊಂದು ಗೂಟ ಹೊಡೆಯಿರಿ. ದೂರವನ್ನು ಟೇಪಿನಲ್ಲೇ ಅಳೆಯಿರಿ, ಹೆಜ್ಜೆ ಹಾಕಿ ಅಲ್ಲ. ನಮ್ಮ ಏರುತಗ್ಗಿನಲ್ಲಿ ಹೆಜ್ಜೆ ಲೆಕ್ಕ ಖಂಡಿತ ತಪ್ಪುತ್ತದೆ. 50 ಅಂದುಕೊಂಡ ಜಾಗ ನಿಜಕ್ಕೂ 45 ಆಗಿದ್ದರೆ ಹಾಳೆಯ ಮೇಲೆ 4 ಸೆಂಟಿಮೀಟರ್ ವ್ಯತ್ಯಾಸ. ಸ್ಕೋಪನ್ನು ಬೈಯುವವರಲ್ಲಿ ಎಷ್ಟೋ ಜನರ ಸಮಸ್ಯೆ ದೂರದ ಅಂದಾಜಿನದ್ದೇ. ಪ್ರತಿ ಗೂಟಕ್ಕೂ ಐದೈದು ಈಡು ಹೊಡೆದು, ಐದರ ನಡುಭಾಗ ಎಲ್ಲಿ ಬಂತು ಅಂತ ಬರೆದುಕೊಳ್ಳಿ. ಒಂದೇ ತೂತು ನೋಡಿ ಕ್ಲಿಕ್ ತಿರುಗಿಸಿದರೆ ಅಲೆದಾಟಕ್ಕೆ ಕೊನೆ ಇರುವುದಿಲ್ಲ. 30 ಮೀಟರಿನಲ್ಲಿ ಐದು ಗುಂಡು ಮೂರು ಸೆಂಟಿಮೀಟರಿನೊಳಗೆ ಕೂತರೆ ಸಾಮಾನ್ಯ ಸ್ಪ್ರಿಂಗ್ ರೈಫಲ್ಲಿಗೆ ಚೆನ್ನಾಗೇ ಇದೆ. ಅಷ್ಟು ಒಟ್ಟಾಗಿ ಬೀಳದಿದ್ದರೆ ಸ್ಕೋಪ್ ತಿರುಗಿಸಿ ಏನೂ ಪ್ರಯೋಜನ ಇಲ್ಲ, ಮೊದಲು ಅದರ ಕಾರಣ ಹುಡುಕಬೇಕು.

ಇಲ್ಲಿಗೆ ನಿಮ್ಮ ಮೊದಲ ಎರಡು ಮೂರು ಈಡಿನ ವಿಷಯ ಬರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕಬ್ಬಿಣ ಅನ್ನುವ ಎಲ್ಲದಕ್ಕೂ ತುಕ್ಕು. ಹಾಗಾಗಿ ಜನ ರೈಫಲ್ಲಿಗೆ ಧಾರಾಳ ಎಣ್ಣೆ ಬಿಡುತ್ತಾರೆ. ಹೊರಮೈಗೆ ಒರೆಸಿದರೆ ಒಳ್ಳೆಯದೇ. ಆದರೆ ಎಣ್ಣೆ ನಳಿಗೆಯೊಳಗೆ, ಸ್ಪ್ರಿಂಗ್ ತಳ್ಳಿದಾಗ ಗಾಳಿ ಒತ್ತುವ ಪಿಸ್ಟನ್ ಇರುವ ಕೋಣೆಯೊಳಗೆ ಇಳಿದರೆ ತೊಂದರೆ. ಪಿಸ್ಟನ್ ಜೋರಾಗಿ ನುಗ್ಗಿದಾಗ ಅಲ್ಲಿನ ಗಾಳಿ ವಿಪರೀತ ಬಿಸಿಯಾಗಿ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ನಿನಲ್ಲಿ ಆಗುವುದೂ ಇದೇ. ಆ ಈಡಿನ ವೇಗ ಏಕಾಏಕಿ ಏರುತ್ತದೆ, ಗುಂಡು ಮೇಲೆ ಹೋಗುತ್ತದೆ. ಶಬ್ದ ಜೋರಾಗಿ, ನಳಿಗೆಯ ಬಾಯಲ್ಲಿ ತೆಳು ಹೊಗೆ, ಸುಟ್ಟ ವಾಸನೆ ಬಂದರೆ ಇದೇ ಅಂತ ತಿಳಿಯಿರಿ. ಒಳಗಿನ ಎಣ್ಣೆ ಸುಟ್ಟು ಹೋದ ಮೇಲೆ ಉಳಿದ ಈಡು ಸರಿಯಾಗುತ್ತವೆ. ನಿಮ್ಮ ಪತ್ರದಲ್ಲಿರುವ ಲಕ್ಷಣ ಇದಕ್ಕೆ ಹೊಂದುತ್ತದೆ. ಪದೇ ಪದೇ ಹೀಗಾದರೆ ಪಿಸ್ಟನ್ ಸೀಲ್, ಸ್ಪ್ರಿಂಗ್ ಎರಡೂ ಹಾಳಾಗುತ್ತವೆ. ನಳಿಗೆಯನ್ನು ಒಣ ಬಟ್ಟೆಯಿಂದ ಒರೆಸಿ, ಕೋಣೆಯ ರಂಧ್ರಕ್ಕೆ ಎಣ್ಣೆ ಬಿಡುವುದನ್ನು ಪೂರ್ತಿ ನಿಲ್ಲಿಸಿ.

ಸ್ಪ್ರಿಂಗ್ ರೈಫಲ್ಲಿನ ಒದೆತವೂ ವಿಚಿತ್ರ. ಮೊದಲು ಹಿಂದಕ್ಕೆ, ಪಿಸ್ಟನ್ ನಿಂತಾಗ ಮುಂದಕ್ಕೆ, ಹೀಗೆ ಎರಡು ಸಲ. ಹಿಂದಿನ ಒದೆತಕ್ಕೆ ಮಾತ್ರ ಕಟ್ಟಿದ ಸ್ಕೋಪುಗಳು ಇದರಲ್ಲಿ ಬಿಚ್ಚಿಕೊಳ್ಳುತ್ತವೆ. ಏರ್‌ಗನ್ನಿಗೆಂದೇ ಮಾಡಿದ ಸ್ಕೋಪ್ ಹೌದಾ ಅಂತ ನೋಡಿ. ಸ್ಕೋಪನ್ನು ರೈಫಲ್ಲಿಗೆ ಕೂರಿಸುವ ಮೌಂಟಿನ ಸ್ಕ್ರೂ ಬಿಗಿ ಇದೆಯಾ, ಮೌಂಟ್ ಹಿಂದಕ್ಕೆ ಜಾರಿದ ಗೀರು ಇದೆಯಾ ನೋಡಿ. ಸ್ಟಾಕಿನ ಸ್ಕ್ರೂಗಳನ್ನೂ ನೋಡಿ, ಅವು ತಾನಾಗಿ ಸಡಿಲವಾಗುತ್ತವೆ. ಹೊಡೆಯುವಾಗ ರೈಫಲ್ಲನ್ನು ನೇರ ಮೇಜಿನ ಮೇಲೆ ಇಡಬೇಡಿ. ಮರಳಿನ ಚೀಲದ ಮೇಲೆ ಅಂಗೈ ಇಟ್ಟು, ಅಂಗೈ ಮೇಲೆ ರೈಫಲ್ ಸುಮ್ನೆ ಕೂರಲಿ. ಬಿಗಿಯಾಗಿ ಅದುಮಿ ಹಿಡಿದರೆ ಪ್ರತಿ ಸಲವೂ ಗುಂಡು ಬೇರೆ ಕಡೆ ಬೀಳುತ್ತದೆ.

ನಳಿಗೆ ಮಡಚುವ ರೈಫಲ್ಲುಗಳಲ್ಲಿ ನಳಿಗೆ ಒಂಚೂರು ಕೆಳಮುಖವಾಗಿ ಕೂರುವುದು ಸಾಮಾನ್ಯ. ಆಗ ಸ್ಕೋಪಿನ ಟರೆಟ್ಟನ್ನು ಬಹಳ ಮೇಲಕ್ಕೆ ತಿರುಗಿಸಬೇಕಾಗುತ್ತದೆ. ಕೊನೆ ಮುಟ್ಟಿದರೆ ಸ್ಕೋಪಿನ ಒಳಗಿನ ಸ್ಪ್ರಿಂಗ್ ಹಿಡಿತ ಕಳೆದುಕೊಂಡು ಕ್ಲಿಕ್ ಕೇಳಿಸುತ್ತದೆ, ಗುಂಡು ಸರಿಯುವುದಿಲ್ಲ. ನಿಮ್ಮದರಲ್ಲಿ ಮೇಲಕ್ಕೆ ಇನ್ನೆಷ್ಟು ಸುತ್ತು ಉಳಿದಿದೆ ಅಂತ ಮೆಲ್ಲಗೆ ಎಣಿಸಿ. ಕೊನೆಗೆ ಹತ್ತಿರ ಇದ್ದರೆ ಬಲವಂತ ಮಾಡಬೇಡಿ. ನಳಿಗೆಯ ಈ ಬಾಗು ಸರಿದೂಗಿಸುವ ಮೌಂಟ್ ಸಿಗುತ್ತದೆ, ಅದನ್ನು ಹಾಕಿಸಿ.

ಚಿಕ್ಕಪ್ಪನವರ ತೇವದ ಮಾತಿಗೆ ಬರೋಣ. ತೇವ ತುಂಬಿದ ಗಾಳಿ ಒಣ ಗಾಳಿಗಿಂತ ಒಂಚೂರು ಹಗುರ, ಭಾರವಲ್ಲ. ಗುಂಡಿನ ಮೇಲೆ ಅದರ ಪರಿಣಾಮ ನಿಮ್ಮ ದೂರಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರ. ಕುಂದಾಪುರದ ಕಡಲ ದಡದಲ್ಲಿ ಸೆಟ್ ಮಾಡಿದ ರೈಫಲ್ಲನ್ನು ಘಟ್ಟ ಹತ್ತಿಸಿ ತಂದರೂ 50 ಮೀಟರಿನಲ್ಲಿ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಆಸುಪಾಸು. ತೇವ ಕಾಡುವುದು ಸ್ಕೋಪನ್ನು. ಮಳೆಗಾಲದಲ್ಲಿ ಚೀಲದೊಳಗೆ ಕಟ್ಟಿಟ್ಟರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಕಪಾಟಿನಲ್ಲಿ ಮುಚ್ಚಳ ತೆಗೆದು ಇಡಿ.

ತೇವಕ್ಕಿಂತ ನೂರು ಪಾಲು ಜಾಸ್ತಿ ಕಾಡುವುದು ಅಡ್ಡ ಗಾಳಿ. ಗಂಟೆಗೆ 10 ಕಿಲೋಮೀಟರ್, ಅಂದರೆ ಅಡಿಕೆ ಸೋಗೆ ಮೆಲ್ಲಗೆ ಅಲ್ಲಾಡುವಷ್ಟು ಗಾಳಿ, 50 ಮೀಟರಿನಲ್ಲಿ ಪೆಲೆಟ್ಟನ್ನು 11 ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. 25ರಲ್ಲಿ ಎರಡೂವರೆ ಮಾತ್ರ. ಅದಕ್ಕೇ ಬೆಳಗಿನ ನಿಶ್ಚಲ ಹೊತ್ತಿನಲ್ಲಿ ಪಟ್ಟಿ ಮಾಡಿಕೊಳ್ಳಿ.

ಇಳಿಜಾರಿನ ಪ್ರಶ್ನೆ ಚೆನ್ನಾಗಿದೆ, ನಮ್ಮ ಊರಿಗೆ ಹೊಂದುವಂಥದ್ದು. ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಗುಂಡು ಲೆಕ್ಕಕ್ಕಿಂತ ಮೇಲೆಯೇ ಬೀಳುತ್ತದೆ. ಮೇಲಕ್ಕಾದರೆ ಕೆಳಗೆ ಬೀಳುತ್ತದೆ ಅನ್ನುವುದು ತಪ್ಪು ನಂಬಿಕೆ. ಸೆಳೆತ ನೇರ ಕೆಳಕ್ಕೆ ಇರುವುದರಿಂದ, ಓರೆ ದಾರಿಯಲ್ಲಿ ಅದರ ಒಂದು ಪಾಲು ಮಾತ್ರ ಗುಂಡನ್ನು ಗೆರೆಯಿಂದ ಇಳಿಸುತ್ತದೆ. 40 ಮೀಟರ್ ದೂರಕ್ಕೆ 30 ಡಿಗ್ರಿ ಇಳಿಜಾರಿದ್ದರೆ ಸುಮಾರು ಎರಡು ಸೆಂಟಿಮೀಟರ್ ಮೇಲೆ ಬೀಳುತ್ತದೆ. 15 ಡಿಗ್ರಿಯಾದರೆ ಅರ್ಧ ಸೆಂಟಿಮೀಟರ್, ತಲೆ ಕೆಡಿಸಿಕೊಳ್ಳಬೇಡಿ. ಇಳಿಜಾರಿನಲ್ಲಿ ನಿಜವಾದ ಮೋಸ ಇನ್ನೊಂದು ಕಡೆ ಇದೆ. ನೆಲ ಓರೆಯಾಗಿದ್ದಾಗ ಗೊತ್ತಿಲ್ಲದೇ ರೈಫಲ್ಲೂ ಪಕ್ಕಕ್ಕೆ ವಾಲುತ್ತದೆ. 50 ಮೀಟರಿಗೆ ಟರೆಟ್ ತಿರುಗಿಸಿಕೊಂಡ ರೈಫಲ್ 10 ಡಿಗ್ರಿ ವಾಲಿದರೆ ಗುಂಡು 5 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಸ್ಕೋಪಿಗೆ ಚಿಕ್ಕ ರಸಮಟ್ಟ ಸಿಗುತ್ತದೆ, ಹಾಕಿಸಿಕೊಳ್ಳಿ. ಸ್ಕೋಪ್ ಕೂರಿಸುವಾಗಲೇ ದೂರದಲ್ಲಿ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ಕ್ರಾಸ್‌ಹೇರಿನ ನಿಂತ ಗೆರೆಯನ್ನು ಆ ದಾರಕ್ಕೆ ಹೊಂದಿಸಿ.

ಧರೆಯನ್ನು ಹಿನ್ನೆಲೆಯಾಗಿ ಇಟ್ಟುಕೊಂಡಿರುವುದು ಒಳ್ಳೆಯ ಕೆಲಸ. ಮಣ್ಣು ಮೆತ್ತಗಿರುವ ಜಾಗ ಆರಿಸಿ. ಜಂಬಿಟ್ಟಿಗೆ ಕಲ್ಲು ಹೊರಬಂದಿರುವ ಕಡೆ ಪೆಲೆಟ್ ವಾಪಸ್ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ ಇರಲೇಬೇಕು. ಧರೆಯ ಮೇಲಿಂದ ತೋಟದ ಕಡೆಗೆ ಮಾತ್ರ ಹೊಡೆಯಬೇಡಿ. ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ ಕೊನೆಗಾರ ಯಾವ ಮರದ ತುದಿಯಲ್ಲಿದ್ದಾನೆ ಅಂತ ಸ್ಕೋಪಿನ ಕಿರಿದಾದ ಕಿಂಡಿಯಲ್ಲಿ ಕಾಣುವುದಿಲ್ಲ. ಗುರಿ ತಪ್ಪಿದ ಪೆಲೆಟ್ ಇನ್ನೂರು ಮೀಟರಿಗೂ ದೂರ ಹೋಗಬಲ್ಲದು. ಮುಂದೊಂದು ದಿನ ಯಾರಾದರೂ ಮಂಗ ಓಡಿಸಲು ಕೇಳಿದರೆ ಇಲ್ಲ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದಕ್ಕಿಂತ ಮೊದಲು, ಈ ಪೆಲೆಟ್ ಆ ಜೀವವನ್ನು ಕೊಲ್ಲುವುದೂ ಇಲ್ಲ, ಗಾಯ ಕೀವಾಗಿ ದಿನಗಟ್ಟಲೆ ನರಳುತ್ತದೆ. ಪೆಲೆಟ್ ಸೀಸದ್ದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ರೈಫಲ್ಲಿನ ವೇಗ ಹೆಚ್ಚಿಸಿದರೆ ಗುಂಡು ಕಡಿಮೆ ಬೀಳುತ್ತದೆ ಅಂತ ಗಟ್ಟಿ ಸ್ಪ್ರಿಂಗ್ ಹಾಕಿಸಲು ಹೇಳುವವರೂ ಇದ್ದಾರೆ. ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ 4.5 ಎಂಎಂ ದಾಟಿದರೂ, ಗುಂಡಿನ ಶಕ್ತಿ 20 ಜೂಲ್ ದಾಟಿದರೂ ಏರ್‌ರೈಫಲ್ಲಿಗೂ ಲೈಸೆನ್ಸ್ ಬೇಕು. ಮೇಲಿನ ಲೆಕ್ಕದ ರೈಫಲ್ ಸುಮಾರು 16 ಜೂಲಿನದ್ದು. ಸ್ಪ್ರಿಂಗ್ ಗಟ್ಟಿಯಾದರೆ ಒದೆತವೂ ಜಾಸ್ತಿ, ಸ್ಕೋಪ್ ಇನ್ನೂ ಬೇಗ ಕೆಡುತ್ತದೆ.

.22ಗೆ ತತ್ವ ಇದೇ, ಅಂಕಿ ಬೇರೆ. ಸೆಕೆಂಡಿಗೆ ಸುಮಾರು 325 ಮೀಟರ್ ವೇಗದ ಸಾಮಾನ್ಯ ಗುಂಡಿಗೆ 50 ಮೀಟರಿಗೆ ಸೆಟ್ ಮಾಡಿದರೆ 100 ಮೀಟರಿನಲ್ಲಿ 22 ಸೆಂಟಿಮೀಟರ್ ಆಸುಪಾಸು ಕೆಳಗೆ ಬೀಳುತ್ತದೆ. ನಿಮ್ಮದರಂಥದ್ದೇ ಕ್ಲಿಕ್ಕಿನ ಸ್ಕೋಪಿನಲ್ಲಿ ಅದು ಸುಮಾರು 30 ಕ್ಲಿಕ್. ಅದಕ್ಕೆ ಲೈಸೆನ್ಸ್ ಬೇಕು, ಕಲಿಯುವುದು ಕ್ಲಬ್ಬಿನ ರೇಂಜಿನಲ್ಲಿ, ಕೋಚ್ ಪಕ್ಕದಲ್ಲಿರುವಾಗ. ಅಲ್ಲಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪೇ ಇರುವುದಿಲ್ಲ, ಸಣ್ಣ ತೂತಿನ ಸೈಟಿನಲ್ಲಿ ನೋಡಿ ಹೊಡೆಯಬೇಕು. ಕ್ಲಿಕ್ಕಿನ ಲೆಕ್ಕ ಅಲ್ಲೂ ಇದೆ.

ಮೊದಲು ನಳಿಗೆ ಒರೆಸಿ, ಸ್ಕ್ರೂ ಬಿಗಿ ಮಾಡಿ, 40 ಮೀಟರಿನ ಪರೀಕ್ಷೆ ಮಾಡಿ. ಆಮೇಲೆ 30ಕ್ಕೆ ಸೆಟ್ ಮಾಡಿ. ಆಗಲೂ ಐದು ಗುಂಡು ಒಟ್ಟಾಗಿ ಬೀಳದಿದ್ದರೆ ಹೊಡೆದ ಹಾಳೆಗಳನ್ನು ಬಿಸಾಡಬೇಡಿ. ಪ್ರತಿ ಹಾಳೆಯ ಮೇಲೂ ದೂರ, ಪೆಲೆಟ್ಟಿನ ಹೆಸರು, ಎಷ್ಟನೇ ಈಡು ಎಲ್ಲಿ ಬಿತ್ತು ಅಂತ ಬರೆದು, ಅವುಗಳ ಫೋಟೋ ಜೊತೆಗೆ ಸ್ಕೋಪ್ ಮೌಂಟಿನ ಫೋಟೋ ಕಳಿಸಿ. ಸ್ಕೋಪ್ ಬದಲಿಸಬೇಕಾ ಬೇಡವಾ ಅಂತ ಅವನ್ನು ನೋಡಿ ಹೇಳುತ್ತೇನೆ.